ಮೂಲಾ ನಕ್ಷತ್ರದ ಮೇಲೆ ಮತ್ತೊಂದು ಆಪಾದನೆ

ಮೂಲಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ಬೆಳಗಾವಿಯ ನಮ್ಮ ರಾಮತೀರ್ಥ ನಗರದಲ್ಲಿ ಇನ್ನೂ ಚಲಾವಣೆಯಲ್ಲಿದೆ. ಮೊದಲು ಕುಂಡಲಿ ಹಳದಿ ಹಚ್ಚಿದ ಕಾಗದದಲ್ಲಿ ಬರುತ್ತಿತ್ತು, ಈಗ ವಾಟ್ಸಾಪಿನಲ್ಲಿ ಬರುತ್ತದೆ, ಅಷ್ಟೇ ಫರಕು. ಬಾಜೂ ಮನೆಯ ಕಾಕಾ ಮಗನಿಗೆ ಕನ್ಯೆ ನೋಡುತ್ತಿದ್ದಾರೆ. ಹುಡುಗಿ ಎಂಜಿನಿಯರು, ಮನೆತನ ಚಲೋ, ಎಲ್ಲ ಕೂಡಿ ಬಂದಿತ್ತು. ನಕ್ಷತ್ರ ಅಡ್ಡ ಬಂತು. ಮಾವನಾಗಬೇಕಾದವರು ತಾವೇ ಆದ್ದರಿಂದ ಕಾಕಾ ಈ ವಿಷಯದಲ್ಲಿ ವೈಚಾರಿಕವಾಗಿ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ.

ಮಾತಿನ ನಡುವೆ ನಾನೊಂದು ಸಂಗತಿ ಹೇಳಿದೆ. ನಮ್ಮ ಗ್ಯಾಲಕ್ಸಿಯ ನಡುಮಧ್ಯೆ, ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿ, 40 ಲಕ್ಷ ಸೂರ್ಯರ ತೂಕದ ಕಪ್ಪುಕುಳಿಯೊಂದಿದೆ. ಅದು ಇರುವುದೂ ಹೆಚ್ಚುಕಡಿಮೆ ಮೂಲಾ ನಕ್ಷತ್ರದ ದಿಕ್ಕಿಗೇ.

“ಅಯ್ಯ! ಅದಕ್ಕಽ ನಮ್ಮ ಹಿರ್ಯಾರು ಹೇಳಿದ್ದು ನೋಡ್ರಿ. ಮಾವಂದಿರನ್ನ ನುಂಗೂದು ಅದಽ!” ಎಂದರು ಕಾಕಾ.

ಕಪ್ಪುಕುಳಿಯ ಪರ ವಕಾಲತ್ತು ವಹಿಸುವ ಯೋಗ ನನಗೆ ಬಂದದ್ದು ಹೀಗೆ. ಪಾಪ, ಅದು ಲೋಕ ತಿಳಿದಂತೆ ಹೊಟ್ಟೆಬಾಕನಲ್ಲ. ನಾಳೆ ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ತಂದಿಟ್ಟರೆ ಭೂಮಿ ಎಂದಿನ ದಾರಿಯಲ್ಲೇ ಸುತ್ತುತ್ತದೆ. ಹಪ್ಪಳ ಒಣಗುವುದಿಲ್ಲ, ನಾವೂ ಉಳಿಯುವುದಿಲ್ಲ, ಅದು ಬೇರೆ ಮಾತು. ಆದರೆ ನುಂಗಿತು ಎಂದು ದೂರುವಂತಿಲ್ಲ. ಗ್ಯಾಲಕ್ಸಿಯ ನಡುವಿನ ಈ ಕುಳಿಯನ್ನು ಎಸ್-2 ಎಂಬ ನಕ್ಷತ್ರ 16 ವರ್ಷಕ್ಕೊಮ್ಮೆ ಸುತ್ತು ಹಾಕುತ್ತದೆ. 2018ರಲ್ಲಿ ಅದು ಸೆಕೆಂಡಿಗೆ 7,000 ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ತೀರ ಹತ್ತಿರ ಹಾದು, ಏನೂ ಆಗದಂತೆ ವಾಪಸು ಹೊರಟಿತು. ಇಂಥ ನಕ್ಷತ್ರಗಳ ಓಡಾಟವನ್ನು ವರ್ಷಗಟ್ಟಲೆ ಕಾದು ಬರೆದಿಟ್ಟುಕೊಂಡ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ ಅವರಿಗೆ 2020ರಲ್ಲಿ ನೊಬೆಲ್ ಬಂತು.

“ಹಂಗಾದ್ರ ತೋರಿಸ್ರಿ,” ಎಂದರು ಕಾಕಾ. ತೋರಿಸುವುದು ಕಷ್ಟ. ಆ ದಿಕ್ಕು ಸಂಜೆಯ ಆಕಾಶದಲ್ಲಿ ಚೆನ್ನಾಗಿ ಏರಿ ಬರುವುದು ಜುಲೈ-ಆಗಸ್ಟಿನಲ್ಲಿ. ಆಗ ಬೆಳಗಾವಿಯ ಆಕಾಶದಲ್ಲಿ ಮೋಡ ಬಿಟ್ಟರೆ ಇನ್ನೇನೂ ಇರುವುದಿಲ್ಲ. ಒಣಹಾಕಿದ ಬನಿಯನ್ನೇ ನಾಲ್ಕು ದಿನ ಒಣಗದ ಊರಿನಲ್ಲಿ ಗ್ಯಾಲಕ್ಸಿಯ ನಡುಮನೆ ನೋಡುವುದೆಲ್ಲಿ ಬಂತು? ಮಳೆ ಹಿಂದೆ ಸರಿಯುವ ಹೊತ್ತಿಗೆ ಆ ದಿಕ್ಕಿನ ಧನು ರಾಶಿ ಪಡುವಣಕ್ಕೆ ವಾಲಿರುತ್ತದೆ. ಇನ್ನು ಉಳಿದದ್ದು ಬೇಸಿಗೆಯ ಬೆಳಗಿನ ಜಾವ. ಅದಕ್ಕೂ ನಮ್ಮ ಮಾಳಿಗೆ ಸಾಲದು, ಹೈವೇ ದೀಪಗಳು ಬಿಡುವುದಿಲ್ಲ. ಖಾನಾಪುರ ತಾಲೂಕಿನ ಜಾಂಬೋಟಿ ದಾಟಿ, ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೋದರೆ ಆಕಾಶಗಂಗೆ ಎದ್ದು ಕಾಣುತ್ತದೆ. ಅಲ್ಲಿಯೂ ಕುಳಿ ಕಾಣುವುದಿಲ್ಲ, ನಡುವೆ ದೂಳಿನ ಪರದೆ. ಜಗತ್ತಿನ ಹಲವು ಮೂಲೆಗಳ ರೇಡಿಯೋ ದೂರದರ್ಶಕಗಳನ್ನು ಒಂದೇ ಕಣ್ಣಾಗಿ ಜೋಡಿಸಿ ಪಡೆದ ಅದರ ಚಿತ್ರ 2022ರ ಮೇ 12ರಂದು ಹೊರಬಂತು: ಕಿತ್ತಳೆ ಬಣ್ಣದ ಮಸುಕು ಬಳೆ, ನಡುವೆ ಕತ್ತಲು.

ಆ ಕತ್ತಲೊಳಗೇ ಇದೆ ‘ಘಟನಾ ದಿಗಂತ’ ಎಂಬ ಗಡಿ. ಗಡಿ ಎಂದ ಕೂಡಲೇ ಬೆಳಗಾವಿಯವರಿಗೆ ಬೋರ್ಡು, ಬೋರ್ಡಿನ ಭಾಷೆ, ಅದಕ್ಕೆ ಬಳಿದ ಮಸಿ ಎಲ್ಲ ಕಣ್ಣಮುಂದೆ ಬರುತ್ತವೆ. ಅಲ್ಲಿ ಇದ್ಯಾವುದೂ ಇಲ್ಲ, ಗೋಡೆಯೂ ಇಲ್ಲ. ಎಂ-87 ಗ್ಯಾಲಕ್ಸಿಯಲ್ಲಿರುವ 650 ಕೋಟಿ ಸೂರ್ಯರ ತೂಕದ ಕುಳಿಗೆ ಬಿದ್ದವನಿಗೆ ಗೆರೆ ದಾಟಿದ್ದು ಗೊತ್ತೇ ಆಗುವುದಿಲ್ಲ. ದಾಟಿದ ಮೇಲೂ ಕೇಂದ್ರ ಮುಟ್ಟುವುದಕ್ಕೆ ಹೆಚ್ಚೆಂದರೆ ಒಂದು ದಿನದ ಮೇಲೆ ನಾಲ್ಕು ತಾಸು ಇದೆ. ಬುತ್ತಿ ಕಟ್ಟಿಕೊಂಡು ಹೋದರೆ ಎರಡು ಹೊತ್ತಿನ ಊಟಕ್ಕೆ ಅಡ್ಡಿಯಿಲ್ಲ. ಆದರೆ ಊಟವಾಯಿತೆಂದು ಮನೆಗೆ ತಿಳಿಸುವಂತಿಲ್ಲ. ಬೆಳಕೇ ಹೊರಬಾರದ ಮೇಲೆ ಸುದ್ದಿ ಹೇಗೆ ಬಂದೀತು? ಘಟನಾ ದಿಗಂತ ಎಂದರೆ ಇಷ್ಟೇ: ಅದರಾಚೆಯಿಂದ ಸುದ್ದಿ ಬರುವುದಿಲ್ಲ. ಸುದ್ದಿ ಬಾರದ ಕಡೆ ಗಾಳಿಸುದ್ದಿ ಹುಟ್ಟುತ್ತದೆ. ನುಂಗುತ್ತದೆ, ಎಳೆಯುತ್ತದೆ, ಮಾವನಿಗೆ ಆಗದು, ಎಲ್ಲವೂ ಅದೇ ಸಂತಾನ.

ಒಳಗಿನ ಸುದ್ದಿ ಬಾರದಿದ್ದರೂ ಕುಳಿಯ ಗುಣ ಪರೀಕ್ಷೆಗೆ ದಾರಿ ಹುಡುಕಿದವರು ನಮ್ಮವರೇ, 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ. ಆ ದಾರಿ ಖಾನಾಪುರದವರಿಗೆ ಹೊಸದಲ್ಲ, ಅದು ಕುಂಬಾರಿಕೆಗೆ ಹೆಸರಾದ ಊರು. ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆಯೇ ಅಲ್ಲಿದೆ. ಅಲ್ಲಿ ಕೊಡ ಕೊಳ್ಳುವ ಹೆಂಗಸರು ಎಡಗೈಯಲ್ಲಿ ಕಂಠ ಹಿಡಿದು ಎತ್ತಿ, ಬಲಗೈ ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳುತ್ತಾರೆ. ಟಣ್ ಎಂದರೆ ಗಟ್ಟಿ, ಬದ್ ಎಂದರೆ ಸೀಳು. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮಿಸ್ನರ್ ಅವರ ಶಿಷ್ಯರಾಗಿದ್ದ ವಿಶ್ವೇಶ್ವರ, ಕಪ್ಪುಕುಳಿಯನ್ನು ಲೆಕ್ಕದಲ್ಲಿ ಹೀಗೇ ತಟ್ಟಿ ನೋಡಿದರು. ತಟ್ಟಲು ಬಳಸಿದ್ದು ಗುರುತ್ವದ ಅಲೆ. ಕುಳಿ ಒಡೆಯಲಿಲ್ಲ, ಗಟ್ಟಿಯೆಂದು ಸಿದ್ಧವಾಯಿತು. ಒಂದು ಕ್ಷಣ ಕಂಪಿಸಿ ಸುಮ್ಮನಾಯಿತು. ಆ ಕಂಪನದ ಶ್ರುತಿಯಿಂದ ಕುಳಿಯ ತೂಕ ಹೇಳಬಹುದು ಎಂದು ತೋರಿಸಿದ್ದು 1970ರಲ್ಲಿ. ಕೇಳಿಸಿಕೊಳ್ಳುವ ಕಿವಿ ಆಗ ಜಗತ್ತಿನಲ್ಲಿ ಇರಲಿಲ್ಲ. ವಿಶ್ವೇಶ್ವರ ಊರಿಗೆ ಮರಳಿ, 1989ರಲ್ಲಿ ಬೆಂಗಳೂರಿನ ನೆಹರೂ ತಾರಾಲಯ ಶುರುವಾದಾಗ ಅದರ ಮೊದಲ ನಿರ್ದೇಶಕರಾಗಿ, ಮಕ್ಕಳಿಗೆ ಆಕಾಶ ತೋರಿಸುತ್ತ, ನಡುನಡುವೆ ವ್ಯಂಗ್ಯಚಿತ್ರ ಬರೆಯುತ್ತ ಇದ್ದರು. 2015ರ ಸೆಪ್ಟೆಂಬರ್ 14ರಂದು, 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕುಳಿಗಳು ಕೂಡಿ ಒಂದಾದ ಅಲೆ ಅಮೆರಿಕದ ಲೈಗೋ ಎಂಬ ಕಿವಿಗೆ ತಾಗಿತು. ಆ ಅಲೆಯ ಬಾಲದಲ್ಲಿ ಅವರು ಹೇಳಿದ್ದ ಕಂಪನವಿತ್ತು. ಈ ಸುದ್ದಿ ಕೇಳಿಸಿಕೊಂಡೇ 2017ರ ಜನವರಿಯಲ್ಲಿ ಅವರು ಹೋದರು. ಅಂಥದೇ ಇನ್ನೊಂದು ಲೈಗೋ ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿದೆ.

ಇನ್ನೊಂದು ದಿಗಂತ ನಮ್ಮ ಸುತ್ತಲೇ ಇದೆ. ವಿಶ್ವ ಹಿಗ್ಗುತ್ತಿದೆ, ಹಿಗ್ಗುವ ವೇಗವೂ ಏರುತ್ತಿದೆ. ಹೀಗಾಗಿ ಸುಮಾರು 1,600 ಕೋಟಿ ಜ್ಯೋತಿರ್ವರ್ಷದಾಚೆ ಇಂದು ಹೊರಟ ಬೆಳಕು ಎಷ್ಟು ನಡೆದರೂ ನಮಗೆ ಮುಟ್ಟುವುದಿಲ್ಲ. ಅಲ್ಲಿಯ ಹಳೆಯ ಸುದ್ದಿ ಮಾತ್ರ ಬರುತ್ತಿದೆ, ಇಂದಿನದು ಎಂದೂ ಬಾರದು. ಅಲ್ಲಿ ಯಾರಾದರೂ ಇದ್ದರೆ ಅವರ ಲೆಕ್ಕದಲ್ಲಿ ನಾವೇ ಗೆರೆ ದಾಟಿದವರು. ನಮ್ಮ ಸೂರ್ಯನ ಬಗ್ಗೆ, ಆ ನಕ್ಷತ್ರದಲ್ಲಿ ಹುಟ್ಟಿದವರ ಬಗ್ಗೆ ಅಲ್ಲಿ ಏನೇನು ಗಾಳಿಸುದ್ದಿ ಹಬ್ಬಿದೆಯೋ! ಹಾಗೇನಿಲ್ಲ ಎಂದು ಇಲ್ಲಿಂದ ಒಂದು ಸ್ಪಷ್ಟೀಕರಣ ಕಳಿಸೋಣವೆಂದರೆ ಅದೂ ಮುಟ್ಟುವಂತಿಲ್ಲ.