ಮಾತೃಭಾಷೆ ಕಾಲಂ ಜೊತಿ ನಾಕು ಮಾತು

2011ರಾಗ ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಮನಿಮನಿ ತಿರುಗಿದ್ದ ಜನಗಣತಿಯ ‘ಮಾತೃಭಾಷೆ’ ಕಾಲಂ, 2027ರ ಗಣತಿಗೆ ಮತ್ತ ಇಸ್ತ್ರಿ ಮಾಡಿಸ್ಕೊಂಡು ಕುಂತದ. ಗೆರಿ ದಾಟಿ ಪ್ರಶ್ನೆ ಕೇಳಬಾರದು ಅಂತ ಮೊದಲೇ ಕರಾರು.

ನಮಸ್ಕಾರ್ರಿ. ನಮ್ಮ ಕಡಿ ಹೆಂಗ ಅನಸ್ತು?

ವಿಪರೀತ ಗೊಂದಲ. ಆಳಂದದ ಒಬ್ಬ ಬಟ್ಟೆ ವ್ಯಾಪಾರಿ ಮನೆಯಲ್ಲಿ ಕನ್ನಡ, ಉಮರ್ಗಾದ ಗಿರಾಕಿಗೆ ಮರಾಠಿ, ಪಕ್ಕದ ಅಂಗಡಿಯವನಿಗೆ ದಖನಿ, ತಾಂಡಾದ ಹೆಂಗಸರಿಗೆ ಲಂಬಾಣಿಯಲ್ಲಿ ರೇಟು ಹೇಳುತ್ತಿದ್ದ. ಮಾತೃಭಾಷೆ ಬಿಟ್ಟು ಇನ್ನೆರಡು ಭಾಷೆಗಷ್ಟೇ ಜಾಗವಿತ್ತು. ಒಂದನ್ನು ಕೈಬಿಡಬೇಕಾಯಿತು.

ಯಾವುದು ಬಿಟ್ರಿ?

ಇನ್ಯಾವುದು? ಲಂಬಾಣಿ.

ಜೇವರ್ಗಿ ತಾಂಡಾದ ಮುದುಕಿ ಮಾತೃಭಾಷೆನೇ ಲಂಬಾಣಿ ಅಂದಳಲ್ರಿ?

ಬರೆದುಕೊಂಡೆ. ದೆಹಲಿಗೆ ಹೋದ ಮೇಲೆ ಅದು ಹಿಂದಿ. ದೇಶದಲ್ಲಿ 32 ಲಕ್ಷಕ್ಕೂ ಹೆಚ್ಚು ಜನ ಲಮಾಣಿ-ಲಂಬಾಡಿ ಎಂದು ಬರೆಸಿದ್ದರು. ಎಲ್ಲರನ್ನೂ ಹಿಂದಿ ಗುಂಪಿಗೆ ಸೇರಿಸಿದ್ದಾರೆ.

ಆ ಮುದುಕಿಗಿ ಹಿಂದಿ ಬರಂಗಿಲ್ರೀ ಯಪ್ಪಾ!

ಹಿಂದಿಯ ಲೆಕ್ಕಕ್ಕೆ ಸೇರಲು ಹಿಂದಿ ಬರಬೇಕಂತ ನಿಯಮವಿಲ್ಲ. ನೋಡಿ, ದೇಶದಲ್ಲಿ ಮಾತೃಭಾಷೆ ಅಂತ 19,569 ಹೆಸರು ಬಂದಿದ್ದವು. ತಿದ್ದಿ ತೀಡಿ 1,369 ಮಾಡಿದರು, ಗುಂಪು ಕಟ್ಟಿ 121. ಹತ್ತು ಸಾವಿರಕ್ಕಿಂತ ಕಡಿಮೆ ಜನರ ಭಾಷೆಗೆ ಹೆಸರೂ ಇಲ್ಲ, ‘ಇತರೆ’.

ಹಂಗಾರ ಇದೊಂದು ಹೇಳ್ರಿ. ನಮ್ಮ ದತ್ತ ಕ್ಷೇತ್ರ ಗಾಣಗಾಪುರದ ಮಹಿಮಾ ಹೇಳೋ ‘ಗುರುಚರಿತ್ರೆ’ ಮರಾಠಿ ಗ್ರಂಥ. ಬರೆದ ಸರಸ್ವತಿ ಗಂಗಾಧರರ ಮನಿಮಾತು ಕನ್ನಡ ಅಂತಾರ. ಅವರನ್ನ ಎಲ್ಲಿ ಬರೀತಿದ್ರಿ?

ಪುಣ್ಯಕ್ಕೆ ಆಗ ನಾನು ಹುಟ್ಟಿರಲಿಲ್ಲ. ಅಂದಹಾಗೆ, ನಿಮ್ಮ ಕನ್ನಡ ಸ್ವಲ್ಪ ಉರ್ದು ಮಿಶ್ರ ಅಲ್ಲವೇ?

ಬೆಂಗಳೂರಾಗೂ ಹಿಂಗೇ ನಗ್ತಾರ್ರಿ! ನಿಜಾಮನ ಆಳ್ವಿಕೆಯಾಗ ಉರ್ದು ಸಾಲಿ ಕಲ್ತು, 1956ರಾಗ ಈ ರಾಜ್ಯಕ್ಕ ಸೇರಿದವರು ನಾವು. ಇಷ್ಟು ಕನ್ನಡ ಉಳಿಸ್ಕೊಂಡದ್ದೇ ದೊಡ್ಡದು. ನಗೋರಿಗಿ ನಾಚಿಕಿ ಬ್ಯಾಡೇನ್ರಿ?

ಸರಿ. ನಿಮ್ಮೂರ ಸಾಲಿಯಲ್ಲಿ ತಾಂಡಾದ ಹುಡುಗ ಅವ್ವನಿಗೆ ‘ಯಾಡಿ’ ಅಂದಾಗ ನಕ್ಕವರು ಯಾರು?

ಅದು... ಮುಂದಿನ ಪ್ರಶ್ನಿಗಿ ಹೋಗೂಣ್ರಿ.

ಗೆರೆ ದಾಟಬೇಡಿ ಅಂದದ್ದು ಇದಕ್ಕೇ.

ಹೋಗ್ಲಿ, ಮಂದಿಗಿ ಏನರ ಹೇಳ್ರಿ.

ನನ್ನ ನಿಯಮದ ಪ್ರಕಾರ ಮಾತೃಭಾಷೆ ಎಂದರೆ ಚಿಕ್ಕಂದಿನಲ್ಲಿ ತಾಯಿ ನಿಮ್ಮೊಡನೆ ಆಡಿದ ಮಾತು. ಊರಿನ, ಸಾಲಿಯ, ಸರಕಾರದ ಮಾತಲ್ಲ. ಗಣತಿಯವರು ಬಂದಾಗ ಅದನ್ನೇ ಹೇಳಿ. ಏನು ಬರೆದುಕೊಂಡರು ಅಂತ ಒಮ್ಮೆ ಓದಿಸಿಕೊಳ್ಳಿ. ದೆಹಲಿಯಲ್ಲಿ ಅದನ್ನು ಏನು ಮಾಡುತ್ತಾರೋ, ಅದಕ್ಕೆ ನಾನು ಜವಾಬ್ದಾರನಲ್ಲ.