ನಮ್ಮ ಜೀಪಿನ ಕಟಕ್

ಗಾಡಿಯ ಸದ್ದನ್ನು ಮೆಕ್ಯಾನಿಕ್ ಎದುರು ಬಾಯಿಂದ ಮಾಡಿ ತೋರಿಸುವುದೂ ಒಂದು ಅಭಿನಯವೇ. ನಟ ರಾಘವರ ಬಳ್ಳಾರಿಯಲ್ಲಿ ಮೂವತ್ತು ವರ್ಷ ಅನ್ನ ಉಂಡರೂ ಆ ವಿದ್ಯೆ ನನಗೆ ಒಲಿದಿಲ್ಲ. ಗ್ಯಾರೇಜಿನ ಬಾಗಿಲಲ್ಲಿ ನಿಂತು "ಟಕ್ ಅಂತೈತಿ" ಎಂದೆ.

"ಟಕ್ ಅಂತೈತೋ, ಕಟಕ್ ಅಂತೈತೋ ಸಾರ್?"

ಯೋಚಿಸಿ "ಕಟಕ್" ಎಂದೆ.

"ಧಡಕ್ ಅಲ್ಲಲ್ಲ?"

ಧಡಕ್ ಆದರೆ ಬಿಲ್ಲು ನಾಲ್ಕು ಸಾವಿರ ಏರುತ್ತದೆ ಎಂಬುದು ಅವನ ದನಿಯಲ್ಲೇ ಇತ್ತು. "ಇಲ್ಲ ಇಲ್ಲ, ಬರೇ ಕಟಕ್" ಎಂದು ಆಣೆ ಮಾಡುವವನಂತೆ ಹೇಳಿದೆ.

2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಬಳ್ಳಾರಿಯಲ್ಲಿ ಟಿಪ್ಪರು, ಲಾರಿ, ಜೀಪುಗಳು ಮದುವೆಗೆ ಬಂದ ಹೆಣ್ಣುಮಕ್ಕಳಂತೆ ಗಿರಾಕಿಗಾಗಿ ಕಾದು ನಿಂತಿದ್ದವು. ಆಗ ಸಂಡೂರಿನ ಗುಡ್ಡ ಹತ್ತಿಳಿದು ಹಣ್ಣಾದ ಫೋರ್ ವೀಲ್ ಜೀಪೊಂದು ನನ್ನ ಪಾಲಿಗೆ ಬಂತು. ಯಾಕೆ ಎಂದವರಿಗೆಲ್ಲ "ಸಿರುಗುಪ್ಪದ ಎರೆಹೊಲಕ್ಕೆ ಮಳೆಗಾಲದಾಗ ಬ್ಯಾರೆ ಗಾಡಿ ಹೋಗಂಗಿಲ್ಲ" ಎನ್ನುತ್ತಿದ್ದೆ. ಹೊಲ ಮಾವನವರದು. ಮಳೆಗಾಲದಲ್ಲಿ ಅಲ್ಲಿಗೆ ಬಾ ಎಂದು ಅವರು ಒಮ್ಮೆಯೂ ಕರೆದವರಲ್ಲ. ಜೀಪನ್ನು ಎಷ್ಟು ತೊಳೆದರೂ ಕೆಳಗಿಂದ ಕೆಂಪು ನೀರೇ ಇಳಿಯುತ್ತಿತ್ತು. ಅದಿರಿನ ಧೂಳು ಬಣ್ಣದೊಳಗೇ ಕೂತುಬಿಟ್ಟಿತ್ತು.

ಕಟಕ್ ಬರುತ್ತಿದ್ದುದು ಎರಡು ಹೊತ್ತಿನಲ್ಲಿ: ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಒಂದು, ಓಡುತ್ತಿರುವಾಗ ಆಕ್ಸಿಲೇಟರ್ ಮೇಲಿನ ಕಾಲು ತೆಗೆದಾಗ ಇನ್ನೊಂದು. ಎಂಜಿನ್ನಿನ ತಿರುಗಾಟ ಚಕ್ರ ಮುಟ್ಟಬೇಕಾದರೆ ಕ್ಲಚ್ಚು, ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು ದಾಟಿ, ಹಿಂದೊಂದು ಮುಂದೊಂದು ಶಾಫ್ಟಿನಲ್ಲಿ ಹಾದು, ಹೌಸಿಂಗಿನೊಳಗಿನ ಕ್ರೌನ್ ಪಿನಿಯನ್ನಿಗೆ ಕೈಬದಲಾಗಬೇಕು. ಎರಡು ಶಾಫ್ಟು ಎಂದರೆ ನಾಲ್ಕು ತುದಿ, ತುದಿಗೊಂದು ಕ್ರಾಸು, ಕ್ರಾಸಿಗೆ ನಾಲ್ಕು ಬಟ್ಟಲು. ಹದಿನಾರು ಬಟ್ಟಲೂ ಚೂರುಚೂರು ಸವೆದಿರುತ್ತವೆ; ಮೆಕ್ಯಾನಿಕ್ಕರ ಮಾತಲ್ಲಿ ಇದು 'ಪ್ಲೇ'. ಎಳೆತ ಹಿಂದುಮುಂದಾದ ಗಳಿಗೆಯಲ್ಲಿ ಎಲ್ಲರ ಪ್ಲೇಯೂ ಒಟ್ಟಿಗೆ ಬಿಗಿಯುತ್ತದೆ, ಕಟಕ್ ಎನ್ನುತ್ತದೆ. ಕೂಡುಕುಟುಂಬದ ಜಗಳದ ಹಾಗೆ, ಶುರು ಮಾಡಿದವರು ಯಾರು ಎಂದು ಹೇಳುವುದು ಕಷ್ಟ. ಮೇಲಾಗಿ ಸದ್ದು ಚಾಸಿಯ ಕಬ್ಬಿಣದಲ್ಲಿ ಹರಿದು ಬರುವುದರಿಂದ, ಹಿಂದೆ ಹುಟ್ಟಿದ್ದು ಸೀಟಿನ ಕೆಳಗೇ ಕೇಳಿಸುತ್ತದೆ.

ಕೌಲ್ ಬಜಾರಿನ ಆ ಮೆಕ್ಯಾನಿಕ್ ಕೆಳಗೆ ಬಗ್ಗಿ ನೋಡಿ, ಗೇರ್ ಬಾಕ್ಸ್ ಮೌಂಟಿಂಗಿನ ರಬ್ಬರು ಸತ್ತಿದೆ ಎಂದ. ಹೊಸದು ಹಾಕಿಸಿದೆ. ಸದ್ದು ಹೋಗಲಿಲ್ಲ, ಮಫ್ತಿಯಲ್ಲಿ ಬಂದ ಪೊಲೀಸಿನವನಂತೆ ಸ್ವಲ್ಪ ಮೆತ್ತಗೆ ಬರತೊಡಗಿತು. ನಮ್ಮೂರಲ್ಲಿ ಅಂದಾಜು ತಪ್ಪುವುದು ಹೊಸದೇನಲ್ಲ. ಗುಡ್ಡದ ಮೇಲೆ ಕೋಟೆ ಕಟ್ಟಿದ ಫ್ರೆಂಚ್ ಎಂಜಿನಿಯರನಿಗೆ ಪಕ್ಕದ ಕುಂಬಾರ ಗುಡ್ಡ ಅದಕ್ಕಿಂತ ಎತ್ತರ ಎಂಬುದು ಗಮನಕ್ಕೆ ಬರದೆ, ಹೈದರಾಲಿ ಅವನನ್ನು ನೇಣಿಗೆ ಹಾಕಿಸಿದ ಎಂದು ಊರವರು ಕತೆ ಹೇಳುತ್ತಾರೆ. ನಾನು ಹೈದರಾಲಿಯಲ್ಲ. ದುಡ್ಡು ಕೊಟ್ಟು, ಮೇಲೆ ಮಿರ್ಚಿ ಒಗ್ಗರಣಿ ತಿನ್ನಿಸಿ ಬಂದೆ.

"ಕ್ಲಚ್ ಮ್ಯಾಲಿನ ಕಾಲು ಒಂಚೂರು ಮೆಲ್ಲಕ ತೆಗೀರಿ" ಎಂದಳು ಹೆಂಡತಿ. ಯಂತ್ರದ ವಿಷಯದಲ್ಲಿ ಮನೆಯವರ ಮಾತಿಗೆ ಬೆಲೆ ಕೊಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಆ ಸಲದ ಮಳೆಗೆ ಕಡೆಗೂ ಸಿರುಗುಪ್ಪದ ಹೊಲಕ್ಕೆ ಜೀಪು ನುಗ್ಗಿಸಿದೆ. ಎರೆಮಣ್ಣು ಚಕ್ರಕ್ಕೆ ಮೆತ್ತಿ, ಮಡ್‌ಗಾರ್ಡಿಗೆ ಮೆತ್ತಿ, ನನಗೂ ಮೆತ್ತಿ, ಫೋರ್ ವೀಲ್ ಹಾಕಿ ಹೊರಬರುವಷ್ಟರಲ್ಲಿ ಗಾಡಿ ಕೆರೆಯಿಂದೆದ್ದ ಎಮ್ಮೆಯಾಗಿತ್ತು. ಮರುದಿನ ಮಾವನವರು ತಮ್ಮ ಟ್ರ್ಯಾಕ್ಟರ್ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ನನ್ನಿಂದ ಸದ್ದು ಮಾಡಿಸಲಿಲ್ಲ. ಅಲ್ಲಿಗೇ ನನಗೆ ಗೌರವ ಹುಟ್ಟಿತು. ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟ. ನ್ಯೂಟ್ರಲ್ ಮಾಡಿಸಿ ಹ್ಯಾಂಡ್ ಬ್ರೇಕ್ ತೆಗೆಸಿದ. ಗೋಣಿಚೀಲ ಹಾಸಿಕೊಂಡು ಅಡಿಗೆ ಸರಿದು, ಶಾಫ್ಟನ್ನು ಒಂದು ಕೈಲಿ ಅತ್ತಿತ್ತ ತಿರುವುತ್ತ ಇನ್ನೊಂದು ಕೈಬೆರಳನ್ನು ಕ್ರಾಸಿನ ಮೇಲಿಟ್ಟು ನಾಡಿ ನೋಡಿದ. ಎರಡು ಕಡೆಯ ಕವಲೂ ಒಟ್ಟಿಗೆ ಅಲುಗಿದರೆ ಕ್ರಾಸು ಗಟ್ಟಿ, ಒಂದು ಹೊರಟ ಮೇಲೆ ಇನ್ನೊಂದು ಹೊರಟರೆ ಸವೆದಿದೆ ಎಂದರ್ಥ.

"ಸಾರ್, ಈ ಕೆಂಪು ಏನು?"

"ಗಣಿ ಧೂಳಪಾ. ನಮ್ಮೂರಿಂದು."

ಹೆಬ್ಬೆರಳಲ್ಲಿ ತಿಕ್ಕಿ ನೋಡಿದ. "ಧೂಳಾದ್ರ ಗಾಡಿ ತುಂಬ ಇರಬೇಕಲ್ರೀ. ನಿನ್ನಿ ಹೊಲದಾಗ ಹೊರಳಾಡಿ ಎಲ್ಲಾ ಕರ್ರಗಾಗೇತಿ. ಇದೊಂದ ಬಟ್ಟಲ ಸುತ್ತ ಕೆಂಪೈತಿ. ಇದು ತುಕ್ಕು. ಒಳಗ ಗ್ರೀಸ್ ಸತ್ತು ಸೂಜಿ ಅರದು ಪುಡಿಯಾಗಿ ಹೊರಗ ಬರಾಕತ್ತೈತಿ."

ಬಳ್ಳಾರಿಯ ಮೆಕ್ಯಾನಿಕ್ ಮೇಲಿದ್ದ ನನ್ನ ಸಿಟ್ಟು ಅಲ್ಲೇ ಇಳಿಯಿತು. ಗಿಡದೆಲೆ, ಟಾರು, ಅಂಗಿಯ ಕಾಲರು ಎಲ್ಲ ಕೆಂಪಾಗಿರುವ ಕಡೆ ಒಂದು ಬೆರಳಗಲ ಕೆಂಪನ್ನು ಅವನಾದರೂ ಹೇಗೆ ಕಂಡಾನು? ಜೀಪಿನ ರೋಗ ತಿಳಿಯಲು ಅದನ್ನು ಕರಿಮಣ್ಣಲ್ಲಿ ಅದ್ದಬೇಕಾಗಿತ್ತು. ಇದು ಯಾವ ಮ್ಯಾನ್ಯುಯಲ್ಲಿನಲ್ಲೂ ಇರಲಾರದು.

ಶಾಫ್ಟು ಬಿಚ್ಚಿ, ಲಾಕು ತೆಗೆದು, ಸುತ್ತಿಗೆಯಲ್ಲಿ ನಾಲ್ಕು ಏಟು ಕೊಟ್ಟ. ಬಟ್ಟಲು ಉದುರಿತು. ಸಾಲಾಗಿ ನಿಂತು ಉರುಳಬೇಕಾದ ಸೂಜಿ ಬೇರಿಂಗಿನ ಬದಲು ಕೆಂಪು ಹಿಟ್ಟು, ನಡುವೆ ನಾಲ್ಕಾರು ತುಂಡು. ಮಾವನವರು ಜೀವಮಾನವೆಲ್ಲ ಭತ್ತ ಬೆಳೆದು ಅಕ್ಕಿ ಗಿರಣಿಗೆ ಹಾಕಿಸಿದವರು. ತುಂಡುಗಳನ್ನು ಅಂಗೈಯಲ್ಲಿ ಹರಡಿ, ಮಾದರಿ ನೋಡುವವರಂತೆ ಬೆಳಕಿಗೆ ಹಿಡಿದು, "ಪೂರಾ ನುಚ್ಚಾಗೇತಿ ಅಳಿಯಂದ್ರೇ, ಯಾರೂ ತಗೊಳ್ಳಂಗಿಲ್ಲ" ಎಂದು ತೀರ್ಪು ಕೊಟ್ಟರು.

ಹೊಸ ಕ್ರಾಸು ಕೂತಿತು. ಗೆದ್ದೆನೆಂದು ಕುರುಗೋಡಿನ ಅಕ್ಕನ ಮನೆಗೆ ಹೊರಟರೆ ಹೊಸ ರೋಗ: ತಿರುವು ಬಂದಾಗಲೆಲ್ಲ ಸ್ಟೇರಿಂಗು ಬಿಗಿಯುವುದು, ಗಕ್ ಗಕ್ ಎಂದು ಜಗ್ಗುವುದು. ಅಕ್ಕನ ಓಣಿಯಲ್ಲಿ ಮೊದಲು ಅದಿರು ಲಾರಿ ಓಡಿಸುತ್ತಿದ್ದ ಹಿರಿಯರೊಬ್ಬರು ಬೀಡಿ ಆರಿಸಿ ಒಂದೇ ಮಾತು ಕೇಳಿದರು: "ಫೋರ್ ವೀಲ್ ತಗದೀಯೇನಪಾ?"

ತೆಗೆದಿರಲಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳ ದಾರಿ ಹಿಂದಿನವಕ್ಕಿಂತ ಉದ್ದ. ಕೆಸರಿನಲ್ಲಾದರೆ ಚಕ್ರ ಜಾರಿ ಆ ಲೆಕ್ಕ ಚುಕ್ತಾ ಆಗುತ್ತದೆ. ಟಾರಿನ ಮೇಲೆ ಜಾರುವಂತಿಲ್ಲ, ಬಾಕಿ ಶಾಫ್ಟಿನ ಮೇಲೇರಿ ಕೂತು ಒಮ್ಮೆಲೇ ವಸೂಲಿಗೆ ಬರುತ್ತದೆ. ಲಿವರು ಜಗ್ಗಿದರೂ ಬರಲಿಲ್ಲ. ನಾಲ್ಕು ಮಾರು ರಿವರ್ಸ್ ಹೋಗಲು ಹೇಳಿದರು. ಬಿಗಿ ಸಡಿಲಿ ಬಂತು. ಆಮೇಲೆ ಅವರೇ ಗ್ರೀಸ್ ಗನ್ ತಂದು, ಶಾಫ್ಟಿನ ನಡುವೆ ಒಳಗೂ ಹೊರಗೂ ಜಾರುವ ಸ್ಲಿಪ್ ಜಾಯಿಂಟಿಗೆ ಹೊಟ್ಟೆ ತುಂಬ ಗ್ರೀಸ್ ಹೊಡೆದರು. ದುಡ್ಡು ಮುಟ್ಟಲಿಲ್ಲ.

ಆದರೂ ಹೊರಡುವಾಗ ಸಣ್ಣಗೆ, ಕಟಕ್.

"ಇತ್ಲಾಗ ಕೊಡ್ರಿ" ಎಂದಳು ಹೆಂಡತಿ. ಜಾಗ ಬದಲಾಯಿಸಿದೆವು. ಗೇರು ಹಾಕಿ, ಮಗುವನ್ನು ತೊಟ್ಟಿಲಿಗೆ ಇಳಿಸುವಂತೆ ಕ್ಲಚ್ಚು ಬಿಟ್ಟಳು. ಸದ್ದಿಲ್ಲ. ದೊಡ್ಡಬಸವೇಶ್ವರನ ಗುಡಿಯ ಹತ್ತಿರ ನಿಲ್ಲಿಸಿ ಹೊರಟಳು, ಸದ್ದಿಲ್ಲ. ಎಮ್ಮೆ ಅಡ್ಡ ಬಂದಾಗ ನಿಲ್ಲಿಸಿ ಹೊರಟಳು, ಆಗಲೂ ಇಲ್ಲ. ನಾನು ಕಿವಿ ನಿಮಿರಿಸಿ ಕೂತಿದ್ದೆ. ಬಳ್ಳಾರಿ ಮುಟ್ಟುವುದರೊಳಗೆ ಒಂದಾದರೂ ಕಟಕ್ ಕೊಡಪ್ಪಾ, ತೆಂಗಿನಕಾಯಿ ಒಡೆಸುತ್ತೇನೆ ಎಂದು ಆ ಏಕಶಿಲೆಯ ಬಸವಣ್ಣನಿಗೆ ಹರಕೆ ಹೊತ್ತೆ. ಅವನು ಜಗ್ಗಲಿಲ್ಲ.

ಮನೆ ಮುಂದೆ ಇಳಿದು ಕೀ ನನ್ನ ಕೈಗಿಟ್ಟು ಒಳಗೆ ಹೋದಳು. ಶೆಡ್ಡಿನೊಳಗೆ ಬಿಡೋಣವೆಂದು ಹತ್ತಿ ಕೂತು ಗೇರ್ ಹಾಕಿದೆ.

ಕಟಕ್.

ಅಡುಗೆಮನೆಯಿಂದ ದನಿ ಬಂತು: "ಯಾರದು, ನೀವೇನ್ರೀ?"