ಗ್ರೇಂಜ್ ಹಿಲ್ ಸಂಹಿತೆ: ಪಾಠವಿಲ್ಲದ ಪಾಠಶಾಲೆಯ ಕುರಿತು ಒಂದು ಶಾಸ್ತ್ರೀಯ ವಿವೇಚನೆ

ಸಿದ್ಧಾಂತವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಬಂಧಗಳನ್ನು ಕೊನೆಯವರೆಗೂ ಓದುವ ಚಟ ಈಗ ಪರೀಕ್ಷಕರಿಗೂ ಇಲ್ಲ. ಹೈಸ್ಕೂಲಿನ ಮೇಲೆ ಟೀವಿ ಧಾರಾವಾಹಿ ಮಾಡಿದರೆ ಅದರಲ್ಲಿ ಪಾಠ ನಡೆಯಕೂಡದು. ನಡೆದರೆ ಅದು ಧಾರಾವಾಹಿಯಲ್ಲ, ಬರೀ ಹೈಸ್ಕೂಲು. ಈ ಲಕ್ಷಣಕ್ಕೆ ಲಕ್ಷ್ಯವಾಗಿ ಆರಿಸಿಕೊಂಡ ಗ್ರಂಥ ಬಿಬಿಸಿಯ ‘ಗ್ರೇಂಜ್ ಹಿಲ್’. 1978ರ ಫೆಬ್ರುವರಿಯಲ್ಲಿ ಆರಂಭವಾಗಿ 2008ರ ಸೆಪ್ಟೆಂಬರಿನಲ್ಲಿ ಮುಗಿದ ಇದರಲ್ಲಿ 31 ಸರಣಿಗಳಿವೆ, 601 ಕಂತುಗಳಿವೆ. ವ್ಯಾಸರು 18 ಪರ್ವಕ್ಕೇ ನಿಲ್ಲಿಸಿದ್ದರು.

ಮೊದಲಿಗೆ ಕರ್ತೃವಿಚಾರ. ಫಿಲ್ ರೆಡ್ಮಂಡ್ ಎಂಬಾತ ಈ ಸಂಹಿತೆಯ ಕರ್ತೃ ಎಂಬುದರಲ್ಲಿ ಮತಭೇದವಿಲ್ಲ. ಈತ ಬರವಣಿಗೆಗೆ ಇಳಿಯುವ ಮೊದಲು ಕಟ್ಟಡಗಳಿಗೆ ಇಟ್ಟಿಗೆ ಸಿಮೆಂಟು ಎಷ್ಟು ಬೇಕೆಂದು ಲೆಕ್ಕ ಹಾಕುವ ಕೆಲಸ ಕಲಿಯುತ್ತಿದ್ದ. ಹೀಗಾಗಿ ಶಾಲೆಯ ಗೋಡೆ, ಕಾರಿಡಾರು, ಮೆಟ್ಟಿಲು, ಶೌಚಾಲಯಗಳಿಗೆ ಕೃತಿಯಲ್ಲಿ ದೊರೆತಿರುವ ಪ್ರಾಧಾನ್ಯ ಕರಿಹಲಗೆಗೆ ದೊರೆತಿಲ್ಲ. ಕಥೆಯ ಪ್ರಸ್ತಾಪವನ್ನು ಹಿಡಿದು ಈತ ಬೇರೆ ವಾಹಿನಿಗಳ ಬಾಗಿಲನ್ನೂ ತಟ್ಟಿದ್ದ. ಅವರು ಬೇಡವೆಂದ ಮೇಲೆ ಬಿಬಿಸಿಯ ಮಕ್ಕಳ ವಿಭಾಗದ ಆನಾ ಹೋಮ್ ಒಪ್ಪಿಕೊಂಡರು. ಆಶ್ರಯದಾತರ ಹೆಸರನ್ನು ಆದಿಯಲ್ಲಿ ಸ್ಮರಿಸುವುದು ನಮ್ಮ ಕಾವ್ಯಗಳ ಪದ್ಧತಿ. ಸ್ಮರಿಸಿಯಾಯಿತು.

ಇನ್ನು ನಾಂದಿ. ಮೊದಲ ವರ್ಷಗಳಲ್ಲಿ ಪ್ರತಿ ಕಂತಿನ ಆರಂಭದಲ್ಲಿ ವ್ಯಂಗ್ಯಚಿತ್ರದ ಪುಸ್ತಕದ ಪುಟಗಳಂತೆ ಚೌಕ ಚೌಕವಾದ ಚಿತ್ರಗಳು ಬರುತ್ತಿದ್ದವು. ಅವುಗಳಲ್ಲೊಂದರಲ್ಲಿ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಫೋರ್ಕಿಗೆ ಚುಚ್ಚಿದ ಒಂದು ಸಾಸೇಜು ಎಲ್ಲಿಂದಲೋ ಹುಡುಗನ ಮುಖದ ಮುಂದಕ್ಕೆ ನುಗ್ಗಿ ಬರುತ್ತದೆ. ಎಸೆದವರಾರು? ಕಾಣುವುದಿಲ್ಲ. ತಾಕಿತೆ? ಅಷ್ಟರಲ್ಲಿ ಮುಂದಿನ ಚಿತ್ರ. ಕರ್ತೃವಿಲ್ಲದೆ ಕರ್ಮ ನಡೆಯಬಲ್ಲುದೆಂಬ ದರ್ಶನ ಇಲ್ಲಿದೆ ಎಂದು ಒಂದು ಪಂಥ ವಾದಿಸಬಹುದು. ಸಸ್ಯಾಹಾರಿ ವಿದ್ವಾಂಸರು ಅದನ್ನು ಕ್ಯಾರೆಟ್ಟೆಂದು ಓದಬಹುದಾದರೂ ಆ ಪಾಠಾಂತರಕ್ಕೆ ಆಧಾರವಿಲ್ಲ. ಇದಕ್ಕೆ ಹೊಂದಿಸಿದ ಸಂಗೀತ ಅಲನ್ ಹಾಕ್‌ಶಾ ಅವರ ‘ಚಿಕನ್ ಮ್ಯಾನ್’. ಧಾರಾವಾಹಿಗೆಂದು ಹುಟ್ಟಿದ್ದಲ್ಲ, ಸಂಗೀತದ ಉಗ್ರಾಣದಿಂದ ತೆಗೆದುಕೊಂಡದ್ದು. ಇದೇ ರಾಗ ಸ್ವಲ್ಪ ವೇಷ ಮರೆಸಿಕೊಂಡು ಎದುರು ಪಾಳೆಯವಾದ ಐಟಿವಿಯ ‘ಗಿವ್ ಅಸ್ ಎ ಕ್ಲೂ’ ಎಂಬ ಆಟದ ಕಾರ್ಯಕ್ರಮಕ್ಕೂ ಮೊಳಗುತ್ತಿತ್ತು. ಒಂದೇ ಮಂಗಳಶ್ಲೋಕವನ್ನು ಇಬ್ಬರು ಕವಿಗಳು ಬಳಸಿದರೆ ಕಾಲನಿರ್ಣಯಕ್ಕೆ ಎಷ್ಟು ತೊಡಕಾಗುತ್ತದೆಂಬುದನ್ನು ಅನುಭವಿಗಳು ಬಲ್ಲರು.

ದೇಶವಿಚಾರದಲ್ಲಿ ಗ್ರಂಥ ಇನ್ನೂ ಕೈಕೊಡುತ್ತದೆ. ಆರಂಭದಲ್ಲಿ ಶಾಲೆ ಲಂಡನ್ನಿನದು, ಹೊರನೋಟಕ್ಕೆ ಕಿಂಗ್ಸ್‌ಬರಿಯ ನಿಜವಾದ ಹೈಸ್ಕೂಲೊಂದರ ಕಟ್ಟಡ. 1985ರ ಹೊತ್ತಿಗೆ ಚಿತ್ರೀಕರಣ ಎಲ್‌ಸ್ಟ್ರೀಗೆ ಹೋಯಿತು. 2003ರಲ್ಲಿ ಲಿವರ್‌ಪೂಲಿಗೆ. ಕಥೆಯೊಳಗೆ ಮಾತ್ರ ಶಾಲೆ ಊರು ಬಿಟ್ಟು ಕದಲಿಲ್ಲ. ಕಟ್ಟಡ ಬದಲಾದರೂ, ಗೇಟು ಬದಲಾದರೂ, ಮಕ್ಕಳ ಉಚ್ಚಾರಣೆಯೇ ಬದಲಾದರೂ ಒಬ್ಬ ವಿದ್ಯಾರ್ಥಿಗಾದರೂ ಅನುಮಾನ ಬರಲಿಲ್ಲ. ಆ ಶಾಲೆಯಲ್ಲಿ ಭೂಗೋಳದ ಪಾಠ ಹೇಗೆ ನಡೆಯುತ್ತಿತ್ತೆಂಬುದಕ್ಕೆ ಇದಕ್ಕಿಂತ ಪುರಾವೆ ಬೇಕಿಲ್ಲ.

ಈಗ ಮುಖ್ಯ ಪ್ರಮೇಯ. ಮೇಷ್ಟ್ರು ಒಳಗೆ ಬರುತ್ತಾರೆ. “ಕೂತ್ಕೊಳ್ಳಿ” ಅನ್ನುತ್ತಾರೆ. ಪುಸ್ತಕ ತೆರೆಯಲು ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಒಂದು ಚೀಟಿ ಕೈಯಿಂದ ಕೈಗೆ ದಾಟುತ್ತದೆ, ಕ್ಯಾಮೆರಾ ಆ ಚೀಟಿಯ ಹಿಂದೆ ಹೋಗುತ್ತದೆ, ಮೇಷ್ಟ್ರ ದನಿ ಹಿನ್ನೆಲೆಯಲ್ಲಿ ಗೊಣಗಾಟವಾಗುತ್ತದೆ. ಗಂಟೆ. ಇಲ್ಲಿ ಗಮನಿಸಬೇಕಾದ್ದು ಕ್ಯಾಮೆರಾ ನಿಂತ ಎತ್ತರ. ದೊಡ್ಡವರ ಕಣ್ಣಿನ ಮಟ್ಟಕ್ಕಲ್ಲ, ಮಕ್ಕಳ ಕಣ್ಣಿನ ಮಟ್ಟಕ್ಕೆ ಅದನ್ನು ಇಳಿಸಿ ಚಿತ್ರೀಕರಿಸುತ್ತಿದ್ದರು. ಆ ಎತ್ತರದಿಂದ ಕಾಣುವುದು ಮೇಷ್ಟ್ರ ಕೋಟಿನ ಗುಂಡಿ, ಡೆಸ್ಕಿನ ಅಡಿ, ಪಕ್ಕದವನ ಬ್ಯಾಗು. ಕರಿಹಲಗೆಯ ಮೇಲೆ ಬರೆದದ್ದು ಎಲ್ಲೋ ಮೇಲಿರುತ್ತದೆ. ನಾನು ಇಷ್ಟುದ್ದದ ಪ್ರಬಂಧ ಬರೆದು ಹೇಳಬೇಕಾದ್ದನ್ನು ಯಾರೋ ಕ್ಯಾಮೆರಾದ ಕಾಲು ಕುಗ್ಗಿಸಿ ಹೇಳಿ ಮುಗಿಸಿದ್ದಾರೆ. ವಿದ್ವತ್ತಿಗೆ ಇದು ಶೋಭೆಯಲ್ಲ.

ಪೂರ್ವಪಕ್ಷ: ಇದನ್ನು ನೋಡಿ ಮಕ್ಕಳು ಕೆಡುತ್ತವೆ. ಬ್ರಿಟನ್ನಿನ ತಂದೆತಾಯಿಗಳು 1978ರಿಂದಲೇ ಈ ವಾದ ಹೂಡಿ ಪತ್ರ ಬರೆದರು, ಪತ್ರಿಕೆಗಳಲ್ಲಿ ಕೂಗೆಬ್ಬಿಸಿದರು. 1979ರ ಸರಣಿಯಲ್ಲಿ ಮಕ್ಕಳೇ ಸಂಘ ಕಟ್ಟಿಕೊಂಡು ಸಮವಸ್ತ್ರ ಬೇಡವೆಂದು ಚಳವಳಿ ಹೂಡಿದಾಗ ಆತಂಕ ಇನ್ನೂ ಏರಿತು. ಉತ್ತರಪಕ್ಷ: ಕೆಡುವುದಕ್ಕೆ ಬೇಕಾದ ಭಾಷೆಯೇ ಗ್ರಂಥದಲ್ಲಿಲ್ಲ. ಪ್ರಸಾರ ಸಂಜೆ ಐದರ ಸುಮಾರಿಗೆ, ಮಕ್ಕಳ ವೇಳೆ. ಹೊಲಸು ಮಾತಿಗೆ ಅವಕಾಶವಿಲ್ಲ. ಹೀಗಾಗಿ ಟಕರ್ ಜೆಂಕಿನ್ಸ್ ಎಂಬ ವಿದ್ಯಾರ್ಥಿಯ ಪುಂಡರ ಗುಂಪಿನ ಅತ್ಯುಗ್ರ ಬೈಗುಳ ‘ಫ್ಲಿಪಿಂಗ್’. ಸಹಪಾಠಿಗಳ ದುಡ್ಡು ಕಿತ್ತುಕೊಂಡು, ಬಣ್ಣ ನೋಡಿ ಹೊಡೆಯುವ ಗ್ರಿಪ್ಪರ್ ಸ್ಟೆಬ್ಸನ್ ಎಂಬ ಕ್ರೂರಿಯೂ ಈ ಸೀಮೆಯನ್ನು ದಾಟಲಾರ. ಗೋಲಿಯಾಟದಲ್ಲಿ ಸೋತ ನಮ್ಮೂರ ಏಳು ವರ್ಷದ ಪೋರನ ಮುಂದೆ ಲಂಡನ್ನಿನ ಈ ಇಡೀ ಪಟಾಲಂ ತಲೆತಗ್ಗಿಸಬೇಕು.

ಗುರುಪ್ರಕರಣಕ್ಕೆ ಬರೋಣ. ಹೆಡ್‌ಮಿಸ್ಟ್ರೆಸ್ ಮಿಸೆಸ್ ಮಕ್ಲಸ್ಕಿ ಹತ್ತು ವರ್ಷ ಶಾಲೆ ಆಳಿದರು. ಅವರ ಬಗ್ಗೆ ಗೌರವವಿರುವುದರಿಂದ ಹೆಚ್ಚು ಬರೆಯುವುದಿಲ್ಲ. ಸಂಶೋಧನೆಗೆ ಯೋಗ್ಯರು ಮಿಸ್ಟರ್ ಬ್ರಾನ್ಸನ್. ಗಡುಸು ದನಿ, ಸಣ್ಣ ಮೀಸೆ, ತಲೆಯ ಮೇಲೆ ಎಲ್ಲರೂ ಬಲ್ಲ ಗುಟ್ಟಾದ ಟೋಪನ್. ಪಾತ್ರಧಾರಿ ಮೈಕಲ್ ಶೀರ್ಡ್. ಇವರ ಪೂರ್ವೋತ್ತರ ಜನ್ಮಗಳನ್ನು ಪರಿಶೀಲಿಸಿದರೆ ಅಧ್ಯಾಪಕ ವೃತ್ತಿಯ ಮೂಲಸ್ವರೂಪ ತಿಳಿಯುತ್ತದೆ. 1980ರ ‘ದಿ ಎಂಪೈರ್ ಸ್ಟ್ರೈಕ್ಸ್ ಬ್ಯಾಕ್’ ಚಿತ್ರದಲ್ಲಿ ಇವರು ನೌಕಾಧಿಪತಿ. ಮಾಡಿದ ತಪ್ಪಿಗೆ ಡಾರ್ತ್ ವೇಡರನು ದೂರದಿಂದಲೇ ಕತ್ತು ಹಿಸುಕಿ ಕೊಲ್ಲುತ್ತಾನೆ. 1989ರ ಇಂಡಿಯಾನಾ ಜೋನ್ಸ್ ಚಿತ್ರದಲ್ಲಿ ಇವರೇ ಹಿಟ್ಲರ್. ಈ ಎರಡರ ನಡುವಿನ ಅವಧಿಯಲ್ಲಿ ಗ್ರೇಂಜ್ ಹಿಲ್ಲಿನ ಮೇಷ್ಟ್ರು. ಇದು ಬಡ್ತಿಯೋ ಹಿಂಬಡ್ತಿಯೋ ಎಂಬುದನ್ನು ಸೇವಾ ನಿಯಮಾವಳಿ ಬಲ್ಲವರೇ ಹೇಳಬೇಕು.

ಅದೇ ಬ್ರಾನ್ಸನ್ನರ ಕಾರಿನಲ್ಲಿ ಡ್ಯಾನಿ ಕೆಂಡಲ್ ಎಂಬ ಹುಡುಗ ಸತ್ತು ಸಿಕ್ಕಿದ. ಚಿತ್ರ ಚೆನ್ನಾಗಿ ಬರೆಯುತ್ತಿದ್ದ, ಯಾರಿಗೂ ಒಗ್ಗದ, ಬ್ರಾನ್ಸನ್ನರ ಕಣ್ಣಿಗಂತೂ ಮುಳ್ಳಾಗಿದ್ದ ಹುಡುಗ. ಶಾಲೆಯ ಈಜುಕೊಳದಲ್ಲಿ ಮುಳುಗಿದ ಜೆರೆಮಿ ಎಂಬ ಹುಡುಗನೂ ಈ ಸಂಹಿತೆಯಲ್ಲಿದ್ದಾನೆ. ಸಂಜೆ ಟೀ ಕುಡಿಯುತ್ತ ನೋಡುವ ಮಕ್ಕಳ ಕಾರ್ಯಕ್ರಮ ಇದು. ಇಲ್ಲಿ ರಸನಿರ್ಣಯ ಮಾಡಲು ಹೊರಟ ಲಕ್ಷಣಕಾರ ಲೇಖನಿ ಕೆಳಗಿಡುವುದು ವಾಸಿ.

ಮತ್ತೆ ಎತ್ತಿಕೊಳ್ಳೋಣ. 1986ರಲ್ಲಿ ಜ್ಯಾಮೊ ಮಗ್ವಾಯರ್ ಹೆರಾಯಿನ್ನಿಗೆ ಬಿದ್ದ. ಅದುವರೆಗೆ ನಗುಮುಖದ, ಎಲ್ಲರಿಗೂ ಬೇಕಾದ ಹುಡುಗ. ಖಳನನ್ನು ಬಿಟ್ಟು ಇವನನ್ನು ಆರಿಸಿದ್ದು ಬರೆದವರ ಜಾಣತನ. ಮುಂದಿನದು ಸಾಹಿತ್ಯ ಚರಿತ್ರೆಯಲ್ಲೇ ಅಪೂರ್ವ: ಕಲಾವಿದ ಮಕ್ಕಳು ಸೇರಿ ‘ಜಸ್ಟ್ ಸೇ ನೋ’ ಎಂದು ಹಾಡಿದರು, ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೇರಿತು, ಮಕ್ಕಳು ಅಮೆರಿಕಕ್ಕೆ ಹಾರಿ ಶ್ವೇತಭವನದಲ್ಲಿ ನ್ಯಾನ್ಸಿ ರೇಗನ್ನರನ್ನು ಕಂಡುಬಂದರು. ಹೋಂವರ್ಕ್ ಮಾಡಿದ್ದಕ್ಕೆ ಶ್ವೇತಭವನಕ್ಕೆ ಕರೆಸಿಕೊಂಡ ದೃಷ್ಟಾಂತ ಪ್ರಬಂಧಕಾರನಿಗೆ ಎಲ್ಲೂ ದೊರೆತಿಲ್ಲ. ಇಲ್ಲಿಗೆ ಮೂಲ ಪ್ರಮೇಯ ಮತ್ತೊಮ್ಮೆ ಸಿದ್ಧವಾಯಿತು.

ಹಾಗಾದರೆ ಈ ಶಾಲೆಯಿಂದ ತೇರ್ಗಡೆಯಾದವರ ಗತಿ? ಟಕರನಿಗಾಗಿಯೇ ‘ಟಕರ್ಸ್ ಲಕ್’ ಎಂಬ ಉಪಗ್ರಂಥ 1983ರಲ್ಲಿ ಬಂತು. ಅದರ ವಸ್ತು ಕೆಲಸವಿಲ್ಲದೆ ಅಲೆಯುವುದು. ಆದರೆ ಪಾತ್ರಧಾರಿಗಳಿಗೆ ಸದ್ಗತಿ ಒದಗಿದೆ. ಟಕರನಾಗಿದ್ದ ಟಾಡ್ ಕಾರ್ಟಿ, ಸುಜ಼ಾನ್ ರಾಸಳಾಗಿದ್ದ ಸುಸಾನ್ ಟಲ್ಲಿ ಇಬ್ಬರೂ ಕಾಲಾಂತರದಲ್ಲಿ ‘ಈಸ್ಟ್‌ಎಂಡರ್ಸ್’ ಧಾರಾವಾಹಿಯಲ್ಲಿ ಮರುಹುಟ್ಟು ಪಡೆದು ಒಂದೇ ಮನೆಯ ಅಣ್ಣತಂಗಿಯರಾದರು. ಅದರ ಚಿತ್ರೀಕರಣವೂ ಎಲ್‌ಸ್ಟ್ರೀಯಲ್ಲೇ, ಅಂದರೆ ಇವರ ಹಳೆಯ ಶಾಲೆ ಹೊಸದಾಗಿ ಬಂದು ನೆಲೆಸಿದ್ದ ಅದೇ ಆವರಣದಲ್ಲಿ. ಮೋಕ್ಷ ಸಿಕ್ಕಿದರೂ ಕಾಂಪೌಂಡು ದಾಟಲಾಗಲಿಲ್ಲ.

ಉಳಿದಿರುವುದು ಪ್ರಕ್ಷಿಪ್ತ ವಿಚಾರ. 2008ರ ಕೊನೆಯ ಕಂತಿನಲ್ಲಿ ಟಕರ್ ಜೆಂಕಿನ್ಸ್ ನಡುವಯಸ್ಸಿನವನಾಗಿ ಹಿಂತಿರುಗುತ್ತಾನೆ. ಶಾಲೆ ಬಿಡಲು ಹೊರಟ ಟಾಗರ್ ಎಂಬ ಸೋದರಳಿಯನನ್ನು ಕೂರಿಸಿಕೊಂಡು, ಓದು ಬಿಡಬೇಡ ಎಂದು ಬುದ್ಧಿ ಹೇಳುತ್ತಾನೆ. ಯಾವ ಟಕರ್? ಮೇಷ್ಟ್ರ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟವನು, ಪುಂಡರ ಗುಂಪಿನ ನಾಯಕ. ಪಾತ್ರದ ಸ್ವಭಾವಕ್ಕೆ ಇದು ವಿರುದ್ಧ, ಗ್ರಂಥದ ಉಳಿದ ಭಾಗದೊಂದಿಗೆ ಹೊಂದುವುದಿಲ್ಲ. ಉತ್ತರಕಾಂಡವನ್ನು ವಾಲ್ಮೀಕಿಯದಲ್ಲವೆಂದು ಹಿರಿಯರು ಕೈಬಿಟ್ಟದ್ದು ಇಂಥ ಕಾರಣಗಳಿಗೇ. ಆದಕಾರಣ 601ನೇ ಕಂತನ್ನು ನಾನು ಪ್ರಕ್ಷಿಪ್ತವೆಂದು ತೀರ್ಮಾನಿಸಿ, ಪರಿಷ್ಕೃತ ಪಾಠದಲ್ಲಿ 600ಕ್ಕೇ ನಿಲ್ಲಿಸಿದ್ದೇನೆ. ಟಾಗರ್ ಶಾಲೆಯಲ್ಲಿ ಉಳಿಯಬೇಕೋ ಬೇಡವೋ ಎಂಬುದು ಅವರ ಮನೆಯ ವಿಷಯ.